ಹೊಸಕೊಪ್ಪಲಿನ ಎಂಜಿನ್ನಿಗೆ ಕಟ್ಟಿದ ಬೆಲೆ

೧೨ ಜನವರಿ ೧೯೫೫, ಬುಧವಾರ. ಹುಣಸೂರು

ಮರದ ಡಿಪೋ ಸಾಹುಕಾರರು ಹೊಸ ವರ್ಷಕ್ಕೆಂದು ಈ ಡೈರಿ ಕೊಟ್ಟರು. ರಟ್ಟು ಗಟ್ಟಿ, ಕಾಗದ ಮಧ್ಯಮ, ಒಂದು ಮೂಲೆ ಮಡಚಿದೆ. ಹೊಸದರಲ್ಲಿ ಒಂದೂವರೆ ರೂಪಾಯಿ, ಈಗಿನ ಸ್ಥಿತಿಯಲ್ಲಿ ಒಂದೂಕಾಲು. ಹನ್ನೊಂದು ದಿನ ಖಾಲಿ ಬಿಟ್ಟಿರುವುದರಿಂದ ಇನ್ನೂ ಒಂದಾಣೆ ಕಳೆಯಬಹುದು.

ಬರೆಯುವ ಅಭ್ಯಾಸ ನನಗಿಲ್ಲ. ನನ್ನದು ಬಾಯಿಯ ವ್ಯಾಪಾರ. ಗಾವಡಗೆರೆಯಲ್ಲಿ ಎತ್ತಿನ ದಲ್ಲಾಳಿಯಾಗಿ, ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತ ಬೆಳೆದವನು. ಎತ್ತು ತಿರುಗಿಸುತ್ತಿದ್ದ ಗಾಣಗಳು ಹೋಗಿ ಎಂಜಿನ್ ಬಂದವು, ನಾನೂ ಎತ್ತು ಬಿಟ್ಟು ಎಂಜಿನ್ ಹಿಡಿದೆ. ಈಗ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಅಕ್ಕಿ ಮಿಲ್ಲೋ ಮರದ ಮಿಲ್ಲೋ ಕೈ ಬದಲಾಯಿಸಬೇಕಾದರೆ ಮೊದಲು ಕಂಠಪ್ಪ ಬಂದು ಬೆಲೆ ಕಟ್ಟಬೇಕು. ಓದಿದ ಎಂಜಿನಿಯರುಗಳು ಪುಸ್ತಕ ನೋಡಿ ಕಟ್ಟುತ್ತಾರೆ. ನಾನು ಬೀಟೆ ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಇಟ್ಟು ಕಟ್ಟುತ್ತೇನೆ. ಎಂಜಿನ್ ಒಳಗಿನ ರೋಗ ಕೋಲಿನಲ್ಲಿ ಹತ್ತಿ ಬರುತ್ತದೆ.

ಮಾತು ಬಿಟ್ಟು ಬರಹಕ್ಕೆ ಇಳಿದ ಕಾರಣ ಪುಟ್ಟಮಲ್ಲಮ್ಮ. ಮೂವತ್ತು ವರ್ಷ ದಿನದ ಸುದ್ದಿಯನ್ನೆಲ್ಲ ಊಟದ ಹೊತ್ತಿಗೆ ಹೆಂಡತಿಗೆ ಒಪ್ಪಿಸಿದವನು ನಾನು. ಈಚೆಗೆ ಅವಳು ಒಲೆಯ ಕಡೆ ತಿರುಗಿಕೊಂಡು ಗೊಣಗುವುದನ್ನು ಕಲಿತಿದ್ದಾಳೆ. ಏನು ಅಂದರೆ ಸಿಡುಕು. ಇನ್ನೊಂದು ಸಲ ಏನು ಅಂದರೆ, "ಏನಿಲ್ಲ ಬುಡಿ, ಉಣ್ಣಿ." ವಯಸ್ಸಾದಂತೆ ಹೆಂಗಸರಿಗೆ ಗಂಟಲು ಸಣ್ಣದಾಗುತ್ತದೆ ಎಂದು ಕಾಣುತ್ತದೆ.

ಮಧ್ಯಾಹ್ನ ಹೊಸಕೊಪ್ಪಲಿನ ಶಿವನಂಜಪ್ಪ ಬಂದಿದ್ದರು. ಕೃಷ್ಣರಾಜನಗರದ ಕಡೆಯ ನಾಲೆ ನೀರಿನ ಊರು. ಅವರ ತಮ್ಮ ನಂಜುಂಡಸ್ವಾಮಿ ಶ್ರಾವಣದಲ್ಲಿ ಕಾಮಾಲೆಯಾಗಿ ತೀರಿಕೊಂಡ. ಅವನ ಹೆಂಡತಿ ಮಂಗಳಗೌರಿ, ಎರಡು ಹೆಣ್ಣುಮಕ್ಕಳು. ಈಗ ಪಾಲು ಆಗಬೇಕು. ಇರುವುದು ನಾಲ್ಕೆಕರೆ ಗದ್ದೆ, ಒಂದು ಅಕ್ಕಿ ಮಿಲ್ಲು.

"ಗದ್ದೆ ಬೆಲೆ ಊರಿಗೇ ಗೊತ್ತು. ಮಿಲ್ ಬೆಲೆ ನೀವು ಹೇಳ್ಬೇಕು ಕಂಠಪ್ಪಾರೆ. ಸಮಕ್ಕೆ ಎರಡು ಪಾಲು ನಾನು ಮಾಡ್ತೀನಿ, ಆರ್ಸೋದು ಅವ್ಳು. ಪಾಲು ಮಾಡ್ದೋನೇ ಆರ್ಸುದ್ರೆ ನಾಳೆ ಊರಲ್ಲಿ ಯಾವ ಮಖ ಇಟ್ಕೊಂಡು ತಿರುಗ್ಲಿ?"

ನಮ್ಮ ಕಡೆ ಪದ್ಧತಿ ಅದೇ. ದೊಡ್ಡವನು ಭಾಗ ಮಾಡಬೇಕು, ಚಿಕ್ಕವನು ಮೊದಲು ಆರಿಸಬೇಕು. ಚಿಕ್ಕವನಿಲ್ಲದ ಮೇಲೆ ಆ ಹಕ್ಕು ಅವನ ಹೆಂಡತಿಯದು. ಮೋಸಕ್ಕೆ ಜಾಗವಿಲ್ಲದ ಏರ್ಪಾಡು. ಬೆಲೆ ಕಟ್ಟುವವನು ಸರಿಯಿದ್ದರೆ ಸಾಕು.

ಶಿವನಂಜಪ್ಪ: ಐವತ್ತೈದು ವರ್ಷ, ದುರಸ್ತಿ ಕಾಣದ ಗಟ್ಟಿ ಮಾಲು.

೧೭ ಜನವರಿ, ಸೋಮವಾರ

ಸೋಮವಾರ ಎತ್ತಿಗೆ ನೊಗ ಕಟ್ಟದ ದಿನ. ಹೊಸಕೊಪ್ಪಲಿನಲ್ಲಿ ಎಲ್ಲರೂ ಬಿಡುವಾಗಿದ್ದರು. ಎತ್ತುಗಳ ಮೈಮೇಲೆ ಸಂಕ್ರಾಂತಿಯ ಅರಿಶಿನ ಇನ್ನೂ ಇತ್ತು.

ಎಂಜಿನ್ ಹದಿನಾರು ಕುದುರೆ ಶಕ್ತಿಯದು, ವಿಲಾಯತಿ, ಆಳೆತ್ತರದ ಎರಡು ಗಾಲಿ. ಡ್ರೈವರ್ ಚೆಲುವಯ್ಯ ಹಿತ್ತಾಳೆ ಭಾಗಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದ. ಬೆಲ್ಟು ನೋಡಿದೆ, ಅಕ್ಕಿ ಮಾಡುವ ಹಲ್ಲರ್ ಬಿಚ್ಚಿಸಿ ಜಾಲರಿ ನೋಡಿದೆ. ಆಮೇಲೆ ಎಂಜಿನ್ ಓಡಿಸಿ ಕೋಲು ಇಟ್ಟೆ. ಹಾಲು ಕುಡಿದ ಮಗುವಿನ ಹಾಗೆ ಇತ್ತು. ಇಷ್ಟು ಹಳೆಯ ಎಂಜಿನ್ ಇಷ್ಟು ಮೆತ್ತಗೆ ಓಡುವುದನ್ನು ನೋಡಿಲ್ಲ. ಹಾಗೆ ನೋಡಿದರೆ ಈ ಒಂದು ವರ್ಷದಲ್ಲಿ ನಾನು ಕಂಡ ಎಂಜಿನ್ನುಗಳೆಲ್ಲ ಮೊದಲಿಗಿಂತ ಮೆತ್ತಗೇ ಓಡುತ್ತಿವೆ. ಎಣ್ಣೆ ಒಳ್ಳೆಯದು ಬರುತ್ತಿರಬೇಕು.

ಮಂಗಳಗೌರಿ ಬಂದು ಎದುರಿಗೇ ನಿಂತಳು. ಮೂವತ್ತರ ಒಳಗಿನ ಹೆಂಗಸು. ಮಿಲ್ಲಿನ ಮನೆಯವರು ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಬೆಳೆಸಿರುತ್ತಾರೆ. ಎಷ್ಟೋ ದಿನದ ಮೇಲೆ ಬಾಯಿ ತುಂಬ ಮಾತಾಡುವವರನ್ನು ಕಂಡು ಸಂತೋಷವಾಯಿತು.

"ಅಣ್ಣಾ, ಗದ್ದೆ ತಗೊಂಡ್ರೆ ನಂಗೆ ನೇಗ್ಲು ಹೂಡೋರಿಲ್ಲ. ಮಿಲ್ ಆದ್ರೆ ಚೆಲುವಯ್ಯ ಅವ್ನೆ, ನಾನೇ ಕೂತ್ಕೊಂಡು ನಡಿಸ್ತೀನಿ. ಇದು ಎಷ್ಟು ವರ್ಸ ಓಡ್ತದೆ ಹೇಳಿ. ನಿಮ್ಮ ಮಾತ್ನೇ ನಂಬ್ತೀನಿ."

"ಎಣ್ಣೆ ಹಾಕೊಂಡಿದ್ರೆ ನಿನ್ನ ಮಕ್ಳ ಮದುವೆ ಮುಗ್ದು ಮೊಮ್ಮಕ್ಳಿಗೆ ಹೆಸರಿಡೋವರ್ಗೂ ಓಡ್ತದೆ ಕಣವ್ವ," ಎಂದೆ.

ಸುತ್ತ ನಿಂತವರು ನಕ್ಕರು. ಅವಳೂ ನಕ್ಕಳು. ಗಂಡ ಸತ್ತ ಮೇಲೆ ಇದೇ ಮೊದಲಿರಬೇಕು, ನಕ್ಕಿದ್ದಕ್ಕೆ ತಾನೇ ಬೆಚ್ಚಿ ಬಾಯಿಗೆ ಸೆರಗು ಇಟ್ಟುಕೊಂಡಳು.

ಶೆಡ್ಡು ಸೇರಿ ಏಳು ಸಾವಿರದ ಆರುನೂರು ಎಂದು ಬರೆದು ಕೊಟ್ಟೆ. ನಾಲ್ಕೆಕರೆ ಗದ್ದೆಗೂ ಊರಿನ ಬೆಲೆ ಅಷ್ಟೇ. ತಕ್ಕಡಿ ಇಷ್ಟು ಸಮ ನಿಂತ ಪಾಲು ನನ್ನ ಕೈಯಲ್ಲಿ ಇದೇ ಮೊದಲು.

೨೩ ಜನವರಿ, ಭಾನುವಾರ

ಪಾಲು ಆಯಿತು. ಒಂದು ತಟ್ಟೆಯಲ್ಲಿ ಮಿಲ್ಲಿನ ಬೀಗದ ಕೈ, ಇನ್ನೊಂದರಲ್ಲಿ ಗದ್ದೆಯ ಮಣ್ಣು. ಶಿವನಂಜಪ್ಪ ಎರಡನ್ನೂ ಮುಂದಿಟ್ಟು ತಲೆ ತಗ್ಗಿಸಿ ಕೂತರು. ಮಂಗಳಗೌರಿ ನನ್ನ ಕಡೆ ಒಂದು ಸಲ ನೋಡಿ ಬೀಗದ ಕೈ ಎತ್ತಿಕೊಂಡಳು. ನಾಳೆ ರಿಜಿಸ್ಟರ್.

ಹೋಳಿಗೆ ಊಟ. ತುಪ್ಪ ಧಾರಾಳ. ಪಂಕ್ತಿಯಲ್ಲಿ ಎಲ್ಲರೂ ಏನೋ ಹೇಳಿ ನಗುತ್ತಿದ್ದರು. ನಾನೂ ನಕ್ಕೆ.

೯ ಫೆಬ್ರವರಿ, ಬುಧವಾರ

ಬಿಳಿಕೆರೆಯಲ್ಲಿ ರಸ್ತೆ ದಾಟುವಾಗ ಲಾರಿಯೊಂದು ಬೆನ್ನ ಹಿಂದೆಯೇ ಬಂದು ನಿಂತಿತು. ಡ್ರೈವರ್ ಇಳಿದು ಬಂದು ಬೈದ. ಹಾರನ್ ಹಾಕದೆ ಗಾಡಿ ಓಡಿಸುವ ಜನ, ಬೈಗುಳಕ್ಕೆ ಮಾತ್ರ ಬರವಿಲ್ಲ. ಅಂಗಡಿಯವರೂ ಅವನ ಪರವೇ ಕೈ ತೋರಿಸಿದರು. ಕಾಲ ಕೆಟ್ಟಿದೆ.

ಮನೆಯಲ್ಲಿ ಒಂದು ವಿಶೇಷ. ಪುಟ್ಟಮಲ್ಲಮ್ಮ ಈಗೀಗ ಏನಾದರೂ ಹೇಳುವ ಮೊದಲು ಹತ್ತಿರ ಬಂದು ಹೆಗಲು ಮುಟ್ಟುತ್ತಾಳೆ. ಮದುವೆಯಾದ ಹೊಸದರಲ್ಲೂ ಹೀಗೆ ಮಾಡಿದವಳಲ್ಲ. ನಾನು ಬೇಡವೆನ್ನಲಿಲ್ಲ.

೪ ಮಾರ್ಚ್, ಶುಕ್ರವಾರ

ಕೋಟೆಗೆ ಹೋಗಿ ಮರದ ಮಿಲ್ಲೊಂದಕ್ಕೆ ಬೆಲೆ ಕಟ್ಟಿ ಬಂದೆ. ಅಲ್ಲಿನ ಎಂಜಿನ್ನೂ ಮೆತ್ತಗಿದೆ.

ಈ ವರ್ಷ ಹೆಂಚಿನ ಸಂದಿಗೆ ಗುಬ್ಬಿಗಳು ಬಂದಿಲ್ಲವಲ್ಲ ಎಂದೆ. ಪುಟ್ಟಮಲ್ಲಮ್ಮ ಮೇಲೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಏಣಿ ಹಾಕಿ ನೋಡಿದರೆ ಗೂಡು ಇದೆ, ನಾಲ್ಕು ಮರಿ ಬಾಯಿ ತೆರೆದುಕೊಂಡು ಕೂತಿವೆ. ಎಂಥ ಗುಬ್ಬಿಗಳೋ.

೨ ಏಪ್ರಿಲ್, ಶನಿವಾರ

ಹೊಸಕೊಪ್ಪಲಿನ ಎಂಜಿನ್ ಒಡೆದಿದೆ.

ಬೆಳಿಗ್ಗೆ ಸುದ್ದಿ ಬಂತು, ಹನ್ನೊಂದರ ಬಸ್ಸಿಗೆ ಹೋದೆ. ಒಳಗಿನ ಬೇರಿಂಗು ಸವೆದು ಸವೆದು, ಓಡುತ್ತಿರುವಾಗಲೇ ಕ್ರ್ಯಾಂಕ್ ಮುರಿದು, ಎಂಜಿನ್ನಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಗೆ ಬಂದಿದೆ. ಯಾರಿಗೂ ಪೆಟ್ಟಾಗಲಿಲ್ಲ. ಆ ಮಾಡಲ್ ನಿಂತು ಹತ್ತು ವರ್ಷವಾಯಿತು, ಬದಲಿ ಸಾಮಾನು ಎಲ್ಲೂ ಸಿಗುವುದಿಲ್ಲ. ಇನ್ನು ಅದು ಗುಜರಿ, ತೂಕಕ್ಕೆ ಬೆಲೆ.

ಮಂಗಳಗೌರಿ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬಾ ಅನ್ನಲಿಲ್ಲ. ಚೆಲುವಯ್ಯ ನನ್ನನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಮುಖಕ್ಕೆ ಮುಖ ಕೊಟ್ಟು ಹೇಳಿದ.

"ಅವತ್ತೇ ಯೋಳಿದ್ನಲ್ಲ ಬುದ್ದಿ. ನೀವು ಕೋಲು ಮಡಗ್ಕಂಡು ಕೇಳ್ತಾ ಇದ್ರಿ. ನಾನು ಇಂದ್ಗಡೆ ನಿಂತ್ಕಂಡು ಯೋಳ್ದೆ, ಬೇರಿಂಗು ಬಡೀತಾ ಅದೆ, ದೀಪಾವಳಿಯಿಂದ ಇಂಗೇ ಅದೆ ಅಂತ. ನೀವು ತಲೆ ಆಡಿಸುದ್ರಿ."

"ನನಗೆ ಹೇಳಿದೆಯಾ?"

"ಎಲ್ಡು ಸಲ ಯೋಳ್ದೆ. ಎಲ್ಡು ಸಲವೂ ಆಡಿಸುದ್ರಿ."

"ಶಿವನಂಜಪ್ಪಾರಿಗೆ ಹೇಳ್ಲಿಲ್ವಾ?"

"ಅವ್ರು ಮಿಲ್ ಕಡೀಕೆ ತಲೆ ಆಕ್ದೋರಲ್ಲ. ಚಿಕ್ಕ ಯಜಮಾನ್ರು ತೀರ್ಕಂಡ್ಮೇಲೆ ಕೇಳೋರೇ ಇರ್ನಿಲ್ಲ. ಬೆಲೆ ಕಟ್ಟೋರ್ಗೆ ಯೋಳಿದ್ಮೇಲೆ ಮುಗೀತು, ಬೆಲೇಲಿ ಕಳ್ದಿರ್ತಾರೆ ಅಂದ್ಕಂಡೆ. ಈಗ ಊರಲ್ಲಿ ಬೇರೆ ತರ ಅಂತಾವ್ರೆ. ದೊಡ್ಡ ಯಜಮಾನ್ರು ನಿಮ್ಮ ಕೈ ಬೆಚ್ಚಗೆ ಮಾಡಿದ್ರು ಅಂತ."

ಕೋಲು ಇಟ್ಟುಕೊಂಡು ನಿಂತಿದ್ದು ನೆನಪಿದೆ. ಹಿಂದೆ ಯಾರೋ ಇದ್ದರು ಎಂಬುದೂ ನೆನಪಿದೆ. ಎಂಜಿನ್ ಸದ್ದಿನಲ್ಲಿ ಯಾರು ಏನಂದರೂ ತಲೆ ಆಡಿಸುವುದು ನನ್ನ ರೂಢಿ. ಎಂಜಿನ್ ಸದ್ದಿನಲ್ಲಿ ಮಾತ್ರವೇ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

೫ ಏಪ್ರಿಲ್, ಮಂಗಳವಾರ

ಗೋಡೆ ಗಡಿಯಾರ ನಿಂತಿದೆ ಎಂದುಕೊಂಡು ಕೀಲಿ ಕೊಡಲು ಎದ್ದೆ. ಹತ್ತಿರ ಹೋದರೆ ಲೋಲಕ ಆಡುತ್ತಿದೆ.



೮ ಏಪ್ರಿಲ್, ಶುಕ್ರವಾರ. ಮೈಸೂರು

ಕಿವಿಯ ಡಾಕ್ಟರು ಒಂದು ಕಬ್ಬಿಣದ ಕವಲನ್ನು ಬಡಿದು ಕಿವಿಯ ಹತ್ತಿರ ಹಿಡಿದರು, ತಲೆಬುರುಡೆಗೂ ಇಟ್ಟರು. ನನ್ನ ಕೆಲಸವನ್ನು ನನ್ನ ಮೇಲೆಯೇ ಮಾಡಿದರು. ಕೆಲಸ ಏನು ಎಂದು ಕೇಳಿದರು. ಹೇಳಿದೆ. ಎಷ್ಟು ವರ್ಷ ಎಂದು ಕೇಳಿದರು. ಅದನ್ನೂ ಹೇಳಿದೆ. ಒಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ತೋರಿಸಿದರು: ಎಂಜಿನ್ನುಗಳಿಗೆ ಕಿವಿ ಕೊಟ್ಟು ಕೊಟ್ಟು ಒಳಗಿನ ನರ ಸತ್ತಿದೆ. ಉಳಿದಿರುವುದೂ ಹೋಗುತ್ತದೆ. ಔಷಧಿ ಇಲ್ಲ.

ಇಷ್ಟು ಖಚಿತವಾದ ಬೆಲೆಪಟ್ಟಿಯನ್ನು ನಾನು ಯಾರಿಗೂ ಬರೆದುಕೊಟ್ಟಿಲ್ಲ.

ಮನೆಗೆ ಬಂದು ಪುಟ್ಟಮಲ್ಲಮ್ಮನಿಗೆ ಚೀಟಿ ಓದಿ ಹೇಳಿದೆ. ನಿನಗೆ ಗೊತ್ತಿತ್ತಾ ಎಂದೆ.

ಹೆಗಲು ಮುಟ್ಟಿ, ಎದುರಿಗೆ ಬಂದು ಹೇಳಿದಳು. "ಹೋದ ವರ್ಸದ ಉಗಾದಿಯಿಂದ್ಲೂ ಗೊತ್ತು."

"ಹೇಳ್ಬಾರ್ದಿತ್ತಾ?"

"ಹೇಳಿದ್ದೆ ಕಣ್ರೀ," ಎಂದಳು.

೧೫ ಏಪ್ರಿಲ್, ಶುಕ್ರವಾರ

ನಾನು ಲಂಚ ತಿಂದೆ ಎಂಬ ಸುದ್ದಿ ನಾಲ್ಕು ತಾಲ್ಲೂಕಿಗೂ ಹಬ್ಬಿದೆ. ಈ ವಾರ ಐದು ಜನ ಕೆಲಸಕ್ಕೆ ಕರೆಯಲು ಬಂದರು. ಸಾಮಾನ್ಯವಾಗಿ ತಿಂಗಳಿಗೆ ಮೂವರು. ಐದೂ ಜನ ಮಾರುವವರು, ಕೊಳ್ಳುವವನು ಒಬ್ಬನಿಲ್ಲ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರು ನನ್ನ ಕೈ ಹಿಡಿದು ಬೆರಳು ಒತ್ತಿದರು, ಹಳೆಯ ಎತ್ತಿನ ವ್ಯಾಪಾರದ ಹಾಗೆ.

ಕಳ್ಳ ಕಂಠಪ್ಪನಿಗೆ ಗಿರಾಕಿ ಇದೆ. ಕಿವುಡ ಕಂಠಪ್ಪನಿಗೆ ಇಲ್ಲ. ಐದೂ ಜನಕ್ಕೆ ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಆರನೆಯವನು ಬಂದರೆ ಏನು ಹೇಳುತ್ತೇನೋ ಗೊತ್ತಿಲ್ಲ.

೨೧ ಏಪ್ರಿಲ್, ಗುರುವಾರ

ಹೊಸಕೊಪ್ಪಲಿಗೆ ಹೋಗಿ ಮಂಗಳಗೌರಿಗೆ ಎಲ್ಲ ಹೇಳಿದೆ. ಡಾಕ್ಟರ ಚೀಟಿ ಕೊಟ್ಟೆ. ಅವಳಿಗೆ ಓದು ಬಾರದು. ದೊಡ್ಡ ಮಗಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಮ್ಮ ಮನೆಯಲ್ಲಿರುವ ಆರುನೂರು ರೂಪಾಯಿಯನ್ನೂ ತೆಗೆದುಕೊಂಡು ಹೋಗಿದ್ದೆ. ಅದನ್ನು ಅವಳು ಮುಟ್ಟಲಿಲ್ಲ. ಆಮೇಲೆ ಎದುರಿಗೆ ಕೂತು, ಆ ಮಿಲ್ಲಿನ ಗಂಟಲಲ್ಲೇ ಕೇಳಿದಳು.

"ಸೋಮವಾರ ನ್ಯಾಯ ಸೇರ್ತದೆ. ಅಲ್ಲಿ ಇದ್ನೇ ಹೇಳ್ತೀರಾ?"

"ಮತ್ತೇನು ಹೇಳ್ಲವ್ವ?"

"ಕಿವಿ ಹೋಗದೆ ಅಂದ್ರೆ ಎಲ್ರೂ ಅಯ್ಯೋ ಪಾಪ ಅಂತಾರೆ, ಎದ್ದು ಹೋಯ್ತಾರೆ. ಪಾಲು ಪಾಲೇ. ನಾನು ಈ ಕಬ್ಬಿಣ ಇಟ್ಕೊಂಡು ಏನ್ ಮಾಡ್ಲಿ? ನಮ್ಮ ಭಾವ್ನೋರು ನಿಮ್ಗೆ ದುಡ್ಡು ಕೊಟ್ಟಿದ್ರು ಅಂದ್ರೆ ಪಾಲು ಮುರೀತದೆ."

"ಅವ್ರು ಕೊಟ್ಟಿಲ್ವಲ್ಲವ್ವ."

"ಕೊಟ್ಟಿಲ್ಲ. ಈಗ ನಂಗೂ ಗೊತ್ತಾಯ್ತು." ಮಗಳ ಕೈಯಿಂದ ಚೀಟಿ ತೆಗೆದು ಮಡಚುತ್ತ ಹೇಳಿದಳು, "ಗೊತ್ತಾಗ್ದಲೇ ಇದ್ದಿದ್ರೆ ಚೆನ್ನಾಗಿತ್ತು. ನೀವ್ಯಾಕೆ ಬಂದು ಹೇಳುದ್ರಿ ಅಣ್ಣಾ?"

ನಾನು ಹಗುರಾಗಲೆಂದು ಹೋದೆ, ಅವಳ ಮೇಲೆ ಹೊರೆ ಹಾಕಿ ಬಂದೆ.

೨೪ ಏಪ್ರಿಲ್, ಭಾನುವಾರ

ಎರಡು ಕಲಂ ಹಾಕಿ ಬರೆದೆ. ನಿಜ ಹೇಳಿದರೆ ಹೋಗುವುದು: ಒಬ್ಬ ವಿಧವೆ ಮತ್ತು ಎರಡು ಮಕ್ಕಳ ಅನ್ನ, ನನ್ನ ಕಸುಬು. ಸುಳ್ಳು ಹೇಳಿದರೆ ಹೋಗುವುದು: ಶಿವನಂಜಪ್ಪನವರ ಹೆಸರು. ಕೂಡಿ ನೋಡಿದರೆ ಸುಳ್ಳೇ ಅಗ್ಗ. ಪುಟ್ಟಮಲ್ಲಮ್ಮನಿಗೆ ತೋರಿಸಿದೆ. "ಅವ್ರ ಹೆಸ್ರಿಗೆ ಅಂಕಿ ಹಾಕೇ ಇಲ್ವಲ್ಲ ನೀವು," ಎಂದಳು.

ಹಾಕಲು ಕೂತೆ. ಆಗಲಿಲ್ಲ.

ನಾಳೆ ನಿಜವನ್ನೇ ಹೇಳುತ್ತೇನೆ. ಅಭ್ಯಾಸ ಮಾಡಿಕೊಂಡಿದ್ದೇನೆ. ಸ್ವಾಮಿ, ನನ್ನ ಕಿವಿ ಹೋಗಿದೆ. ನಾಲ್ಕೇ ಪದ.

೨೫ ಏಪ್ರಿಲ್, ಸೋಮವಾರ

ಪಟೇಲ ನೀಲಕಂಠಸ್ವಾಮಿಯವರ ಜಗುಲಿಯಲ್ಲಿ ಸೇರಿದ್ದರು. ನಲವತ್ತು ಜನರ ಮೇಲೆ. ಎದುರಿಗೆ ಶಿವನಂಜಪ್ಪ, ಕಂಬದ ಹಿಂದೆ ಹೆಂಗಸರ ಜೊತೆ ಮಂಗಳಗೌರಿ, ಅವಳ ಮಡಿಲಲ್ಲಿ ಚಿಕ್ಕ ಮಗಳು ನಿದ್ದೆ ಹೋಗಿತ್ತು.

ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬನ ಬಾಯಿ ನೋಡಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಇನ್ನೊಬ್ಬನ ಬಾಯಿ ತೆರೆದಿರುತ್ತಿತ್ತು. ಕೈಗಳನ್ನು ನೋಡಿದೆ. ಚೆಲುವಯ್ಯ ಎದ್ದು ಕೋಲು ಇಟ್ಟುಕೊಂಡ ಹಾಗೆ ಅಭಿನಯಿಸಿ, ಹಿಂದೆ ಬಂದು ನಿಂತು, ಹೇಳಿದ ಹಾಗೆ ತೋರಿಸಿದ. ಕೆಲವರು ನಕ್ಕರು. ಶಿವನಂಜಪ್ಪ ಎರಡೂ ಕೈ ಎತ್ತಿ ಗುಡಿಯ ದಿಕ್ಕಿಗೆ ತೋರಿಸಿ ಏನೋ ಹೇಳಿದರು. ಆಣೆ ಇರಬೇಕು. ಪಟೇಲರಿಗೆ ಬಾಯಿ ಮುಚ್ಚುವಷ್ಟು ಮೀಸೆ. ಅವರ ಮಾತು ಮಾತ್ರ ಏನೇನೂ ಕಾಣಲಿಲ್ಲ.

ನನ್ನ ಸರದಿ ಬರಲಿ ಎಂದು ಕಾದೆ. ನಾಲ್ಕು ಪದ ಬಾಯಲ್ಲೇ ಇದ್ದವು.

ಆಮೇಲೆ ಎಲ್ಲರೂ ಸುಮ್ಮನಾದರು. ಸುಮ್ಮನಾದದ್ದು ನನಗೆ ಕೇಳಿಸಿದ್ದಲ್ಲ, ಎಲ್ಲರ ಮುಖ ನನ್ನ ಕಡೆ ತಿರುಗಿತು. ಪಟೇಲರ ಮೀಸೆ ಒಂದು ಸಲ ಅಲುಗಿತು. ಕಂಬದ ಹಿಂದೆ ಮಂಗಳಗೌರಿ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದಳು. ಏನು ಕೇಳಿದರೋ ಗೊತ್ತಾಗಲಿಲ್ಲ. ನನ್ನ ಹೆಸರು ಕೇಳಿದರೋ, ಊರು ಕೇಳಿದರೋ. ಏನು ಎಂದು ಕೇಳಬಹುದಿತ್ತು. ಕೇಳಿದ್ದರೆ ನಾನು ಹೇಳಬೇಕಾದದ್ದನ್ನೆಲ್ಲ ಆ ಒಂದು ಪದವೇ ಹೇಳಿಬಿಡುತ್ತಿತ್ತು.

ತಲೆ ಆಡಿಸಿದೆ. ಆಡಿಸಿದೆನೋ, ಅದೇ ಆಡಿತೋ.

ಜಗುಲಿಗೆ ಜಗುಲಿಯೇ ಎದ್ದಿತು. ಶಿವನಂಜಪ್ಪ ಮಾತ್ರ ಕೂತೇ ಇದ್ದರು. ನಾನು ಬಾಯಿ ತೆರೆದು ನಾಲ್ಕು ಪದ ಹೇಳಿದೆ. ಗಂಟಲು ಎಷ್ಟು ಎತ್ತರಿಸಿದ್ದೆನೋ ನನಗೇ ತಿಳಿಯಲಿಲ್ಲ. ಯಾರೂ ಈ ಕಡೆ ತಿರುಗಲಿಲ್ಲ. ಇನ್ನೊಂದು ಸಲ ಹೇಳಬೇಕೆಂದಾಗ ಕಂಬದ ಕಡೆ ಕಣ್ಣು ಹೋಯಿತು. ಮಂಗಳಗೌರಿ ಮಗುವನ್ನು ಎತ್ತಿಕೊಂಡು ಅಳುತ್ತಿದ್ದಳು. ಹೇಳಲಿಲ್ಲ.

ತೀರ್ಪನ್ನು ಚೆಲುವಯ್ಯ ಬಸ್ ನಿಲ್ಲುವ ಕಡೆ ಬಂದು, ಮಿಲ್ಲಿನ ರೂಢಿಯಂತೆ ಮುಖಕ್ಕೆ ಮುಖ ಕೊಟ್ಟು ಕೂಗಿ ಹೇಳಿದ. "ಎಲ್ಡೆಕರೆ ಗದ್ದೆ ಅವ್ವಾರ್ಗೆ ಬುಡ್ಬೇಕಂತೆ ಬುದ್ದಿ. ಗುಜರಿ ಮಾರಿ ಬಂದುದ್ರಲ್ಲಿ ಅರ್ಧ ಅವ್ರ್ಗೆ, ಅರ್ಧ ಇವ್ರ್ಗೆ. ಒಪ್ಕಂಡುದ್ದು ದೊಡ್ದು ಬುಡಿ. ಯಾರು ಒಪ್ಕತಾರೆ ಈ ಕಾಲ್ದಲ್ಲಿ?" ಅವನ ಮುಖದಲ್ಲಿ ನನ್ನ ಮೇಲೆ ಮೊದಲಿಗಿಂತ ಮರ್ಯಾದೆ ಇತ್ತು. ಅವನು ಹೊರಟುಹೋದ.

ಆಮೇಲೆ ಶಿವನಂಜಪ್ಪ ಬಂದರು. ಒಬ್ಬರೇ, ಬಿಸಿಲಿನಲ್ಲಿ, ಹೆಗಲ ಟವಲು ಕೈಯಲ್ಲಿ. ಹೊಡೆಯಲು ಬಂದರೇನೋ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು. ಎದುರಿಗೆ ನಿಂತು, ನನ್ನ ಕಣ್ಣು ನೋಡಿಕೊಂಡು, ನಿಧಾನವಾಗಿ ಒಂದೇ ಮಾತು ಕೇಳಿದರು. ಒಂದೊಂದು ಅಕ್ಷರವೂ ತುಟಿಯ ಮೇಲೆ ಕಾಣಿಸಿತು.

"ನಾನು ನಿಮ್ಗೆ ಎಷ್ಟು ಕೊಟ್ಟಿದ್ದೆ ಕಂಠಪ್ಪಾರೆ?"

ಯಾರು ಏನು ಮುಂದಿಟ್ಟರೂ ನನ್ನ ಬಾಯಿಂದ ಒಂದು ಅಂಕಿ ಬಂದೇ ಬರುತ್ತಿತ್ತು. ಬರಲಿಲ್ಲ.

ಬಸ್ಸು ಬರುವುದು ಮುಕ್ಕಾಲು ಗಂಟೆ ತಡವಾಯಿತು. ಅಷ್ಟು ಹೊತ್ತೂ ಅವರು ಉತ್ತರಕ್ಕಾಗಿ ಅಲ್ಲೇ ನಿಂತಿದ್ದರು.